ಉಣ್ಣೆ ದಾರಕ್ಕೆ ಸಿಕ್ಕಿಬಿದ್ದ ಗೋಬಿ ಬಣ್ಣ

2024ರ ಫೆಬ್ರವರಿಯಲ್ಲಿ ಪುದುಚೇರಿಯ ಗುಲಾಬಿ ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಪತ್ತೆಯಾಯಿತು. ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣವದು, ತಿನಿಸಿಗೆ ಸಲ್ಲದು. ಪುದುಚೇರಿ, ಅದರ ಬೆನ್ನಿಗೇ ತಮಿಳುನಾಡು ಮಾರಾಟ ನಿಷೇಧಿಸಿದವು. ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಬಾಂಬೆ ಮಿಠಾಯಿಯ ಜೊತೆ ಗೋಬಿ ಮಂಚೂರಿಯ ಮಾದರಿಗಳನ್ನೂ ಸಂಗ್ರಹಿಸಿದರು.

ಗೋಬಿಯ ಮೇಲೆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಹೂಕೋಸಿಗೆ ಮೈದಾ, ಕಾರ್ನ್‌ಫ್ಲೋರ್ ಹಚ್ಚಿ ಕರಿದರೆ ಬರುವುದು ಹೊಂಬಣ್ಣ. ಬೆಂಗಳೂರಿನಲ್ಲಿ ಹಲಸೂರಿನ ತಳ್ಳುಗಾಡಿಯಿಂದ ಕೆ.ಆರ್. ಪುರದವರೆಗೆ ಗಿರಾಕಿ ಬಯಸುವುದು ಕಡುಗೆಂಪು. ಬ್ಯಾಡಗಿ ಮೆಣಸಿನಕಾಯಿ ಆ ಕೆಂಪು ಕೊಡುತ್ತದೆ, ಆದರೆ ದುಬಾರಿ. ಚಿಟಿಕೆ ಬಣ್ಣದ ಪುಡಿ ಅದೇ ಕೆಲಸವನ್ನು ಪುಡಿಗಾಸಿಗೆ ಮುಗಿಸುತ್ತದೆ. ತಟ್ಟೆಯಲ್ಲಿರುವ ಕೆಂಪು ಯಾವುದರದ್ದೆಂದು ಕಣ್ಣಿಗೆ ತಿಳಿಯದು.

ಅದನ್ನು ಹೇಳುವುದು ಪ್ರಯೋಗಾಲಯ. ಅಲ್ಲಿನ ಹಳೆಯ, ಇಂದಿಗೂ ನಂಬಬಹುದಾದ ಉಪಾಯ ಬಿಳಿ ಉಣ್ಣೆಯ ದಾರ. ತಿನಿಸಿನಿಂದ ತೆಗೆದ ದ್ರಾವಣಕ್ಕೆ ಆಮ್ಲ ಬೆರೆಸಿ, ದಾರ ಮುಳುಗಿಸಿ ಬಿಸಿ ಮಾಡುತ್ತಾರೆ. ಆಮ್ಲದಲ್ಲಿ ಉಣ್ಣೆಯ ಪ್ರೋಟೀನು ಧನ ವಿದ್ಯುದಂಶ ಪಡೆಯುತ್ತದೆ. ಟಾರ್ಟ್ರಜೀನ್‌ನಂಥ ಕೃತಕ ಬಣ್ಣದ ಅಣುವಿನದು ಋಣ ವಿದ್ಯುದಂಶ. ಎರಡೂ ಅಂಟಿಕೊಳ್ಳುತ್ತವೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ದಾರಕ್ಕೆ ಹೀಗೆ ಕಚ್ಚಿಕೊಳ್ಳದು. ಆಮೇಲೆ ಅಮೋನಿಯಾ ಹಾಕಿ ಬಣ್ಣ ಬಿಡಿಸಿ, ಕಾಗದದ ಮೇಲೆ ಚುಕ್ಕಿ ಇಟ್ಟು ದ್ರಾವಕ ಏರಲು ಬಿಡುತ್ತಾರೆ. ಒಂದೊಂದು ಬಣ್ಣವೂ ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಪಕ್ಕದಲ್ಲಿಟ್ಟ ಗೊತ್ತಿರುವ ಬಣ್ಣದ ಚುಕ್ಕಿಯೊಂದಿಗೆ ಹೋಲಿಸಿದರೆ ಹೆಸರು ಸಿಕ್ಕಂತೆಯೇ. ರೋಡಮಿನ್-ಬಿ ಬೇರೆ ಜಾತಿಯದು. ನೇರಳಾತೀತ ಬೆಳಕು ಬಿದ್ದರೆ ಹೊಳೆದು ತಾನೇ ಸಿಕ್ಕಿಬೀಳುತ್ತದೆ.

ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಫಲಿತಾಂಶ ಮುಂದಿಟ್ಟು, ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ. ಮಿಠಾಯಿಯಲ್ಲಿ ರೋಡಮಿನ್-ಬಿ ಇತ್ತು. ಗೋಬಿಯಲ್ಲಿ ಸಿಕ್ಕಿದ್ದು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್.

ಸೋಜಿಗ ಇರುವುದು ಇಲ್ಲೇ. ಈ ಮೂರೂ ಕಾನೂನು ಒಪ್ಪಿದ 8 ಕೃತಕ ಬಣ್ಣಗಳ ಪಟ್ಟಿಯಲ್ಲೇ ಇವೆ. ಐಸ್‌ಕ್ರೀಂ, ಬಿಸ್ಕತ್ತು, ಸಿಹಿತಿಂಡಿಗಳಂಥ ಕೆಲವಕ್ಕೆ, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ, ಬಳಸಬಹುದು. ಗೋಬಿ ಆ ಯಾದಿಯಲ್ಲಿಲ್ಲ. ಅಂದರೆ ಗಾಡಿಯವನು ಕಳ್ಳಮಾಲು ತರಬೇಕಾಗಿಯೇ ಇರಲಿಲ್ಲ. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಪುಡಿಯನ್ನು ಸಲ್ಲದ ತಿನಿಸಿಗೆ ಹಾಕಿದರೂ ತಪ್ಪೇ. ಪೊಟ್ಟಣದ ಮೇಲಿನ ಪರವಾನಗಿ ಸಂಖ್ಯೆ ಗೋಬಿಗೆ ರಕ್ಷೆಯಲ್ಲ.

ಸುಳಿವು ಸಿಕ್ಕಮೇಲೆ ಅದೇ ದಾರಿಯಲ್ಲಿ ಇಲಾಖೆ ಶಿವಾಜಿನಗರದವರ ಅಚ್ಚುಮೆಚ್ಚಿನ ಕಬಾಬಿನತ್ತಲೂ ತಿರುಗಿತು. ರಾಜ್ಯದ 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣವಿತ್ತು. ಜೂನ್‌ನಲ್ಲಿ ಕಬಾಬಿಗೂ ಅದು ನಿಷಿದ್ಧವಾಯಿತು.

ನಿಷೇಧ ಬಿದ್ದದ್ದು ಯಾವುದೋ ಒಂದು ಅಂಗಡಿಯ ಮೇಲಲ್ಲ, ಆ ತಿನಿಸಿಗೆ ಹಾಕುವ ಬಣ್ಣದ ಮೇಲೆ. ಅದಕ್ಕೆ ಕಾರಣವಿದೆ. 2006ರ ಕಾಯ್ದೆಯಂತೆ ವಿಶ್ಲೇಷಕರಿಗೆ ವರದಿ ಕೊಡಲು 14 ದಿನಗಳ ಅವಕಾಶ. ಅಷ್ಟರಲ್ಲಿ ಆ ಬಾಣಲೆಯ ಗೋಬಿ ಯಾರದೋ ಹೊಟ್ಟೆ ಸೇರಿ ಎರಡು ವಾರವಾಗಿರುತ್ತದೆ. ಒಂದೊಂದೇ ತಟ್ಟೆಯ ಬೆನ್ನು ಹತ್ತಿದರೆ ಕಾನೂನು ಯಾವತ್ತೂ ಹಿಂದೆಯೇ ಉಳಿಯುತ್ತದೆ.