ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೆ ಪರವಾನಗಿ ಬೇಡವೇ?

ಕಟ್ಟಡದ ಸುತ್ತಲಿನ ಬಯಲಿನಲ್ಲಿ ಯಾವ ಮರ ಎಲ್ಲಿರಬೇಕು, ಮಳೆನೀರು ಎತ್ತ ಹರಿಯಬೇಕು, ನೆಲದ ಇಳಿಜಾರನ್ನು ಎಷ್ಟು ಮುಟ್ಟಬಹುದು ಎಂದು ನಿರ್ಧರಿಸುವುದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಕೆಲಸ. ಭಾರತದಲ್ಲಿ ಈ ವೃತ್ತಿಗೆಂದೇ ಕಾನೂನಿನ ಪರವಾನಗಿ ಇಲ್ಲ.

1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ, ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವವರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗಿರಬೇಕು. ಅದೇ ಕಾಯ್ದೆಯ 37ನೇ ಸೆಕ್ಷನ್ ಹಡಗು ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್‌ಗೂ, ಗಿಡಮರ ಹಾಗೂ ತೆರೆದ ಜಾಗಗಳ ವಿನ್ಯಾಸ ಮಾಡುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೂ ವಿನಾಯಿತಿ ಕೊಟ್ಟಿದೆ. ಹಾಗಾಗಿ ಓದಿ ಪಳಗಿದವರೂ ಬರೀ ನರ್ಸರಿ ಇಟ್ಟವರೂ ಒಂದೇ ಬೋರ್ಡು ಹಾಕಿಕೊಳ್ಳಬಹುದು.

ಹಿಂದೆ ಈ ಕೆಲಸದ ಹೊಣೆ ಸರ್ಕಾರದ್ದಾಗಿತ್ತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ಜರ್ಮನಿಯ ಕ್ರುಂಬಿಗಲ್ ಅವರನ್ನು ಮೈಸೂರು ಸಂಸ್ಥಾನ 1908ರಲ್ಲಿ ಬರೋಡದಿಂದ ಕರೆಸಿಕೊಂಡು ಲಾಲ್‌ಬಾಗ್ ಒಪ್ಪಿಸಿತು. ಈಗ ಬಯಲಿಗೆ ರೂಪ ಕೊಡುವವರನ್ನು ಆರಿಸುವುದು ಬಹುಪಾಲು ಖಾಸಗಿ ಲೇಔಟ್ ಮಾಲೀಕರು.

ಹಿಂದೆ ಕನಕಪುರ ತಾಲ್ಲೂಕಿನಲ್ಲಿದ್ದು ಈಗ ಹಾರೋಹಳ್ಳಿಗೆ ಸೇರಿರುವ ಮರಳವಾಡಿ ಹೋಬಳಿಯಂಥ, ಬೆಂಗಳೂರಿಗೆ ಹತ್ತಿರದ ಸೀಮೆಯಲ್ಲಿ ಇದರ ಪರಿಣಾಮ ದೊಡ್ಡದು. ಹೊಲ ಫಾರ್ಮ್‌ಹೌಸ್ ಆಗುವಾಗ ಜೆಸಿಬಿ ಬದುಗಳನ್ನು ಕಿತ್ತು ನೆಲ ಸಮ ಮಾಡಿದರೆ, ಬದುವಿನಲ್ಲಿ ನಿಂತು ಇಂಗಬೇಕಿದ್ದ ನೀರು ಮೇಲ್ಮಣ್ಣನ್ನೂ ಹೊತ್ತು ಕೆಳಗಿನವರ ಹೊಲಕ್ಕೆ ನುಗ್ಗುತ್ತದೆ. ಹುಲ್ಲುಹಾಸಿಗೆ ಬೇಸಿಗೆಯುದ್ದಕ್ಕೂ ಬೋರ್‌ವೆಲ್ ನೀರು ಬೇಕು. ಹೊಂಗೆ, ಬೇವು ಬೇರು ಬಿಟ್ಟ ಮೇಲೆ ತಮ್ಮ ಪಾಡಿಗೆ ತಾವು ನಿಲ್ಲುತ್ತವೆ. ಇದೆಲ್ಲ ತಿಳಿದವರೇ ನಕ್ಷೆ ಬರೆಯಬೇಕಾದ ಕೆಲಸ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಹಲವು ಜಾತಿಯ ಮರ ಕಡಿಯಲು ಅನುಮತಿ ಬೇಕು. ಇಡೀ ಇಳಿಜಾರಿನ ರೂಪ ಬದಲಿಸುವ ವಿನ್ಯಾಸಕಾರರಿಗೆ ಮಾತ್ರ ಕಾನೂನಿನ ಪರವಾನಗಿ ಬೇಡ ಎಂಬುದು ನಿಜಕ್ಕೂ ಕಳವಳದ ಸಂಗತಿ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೆ ಇರಬೇಕಾದ ವಿದ್ಯಾರ್ಹತೆಯನ್ನು ಅದು ಹೇಳುತ್ತದೆ. ಆದರೆ ಅದು ಶಿಫಾರಸು ಮಾತ್ರ. ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡರಷ್ಟೇ ಕಡ್ಡಾಯ. 2003ರಲ್ಲಿ ಹುಟ್ಟಿದ ಇಂಡಿಯನ್ ಸೊಸೈಟಿ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್ ವೃತ್ತಿನಿರತರ ಸಂಘ. ಅದರ ಸದಸ್ಯತ್ವ ಒಂದು ಗುರುತು, ಪರವಾನಗಿಯಲ್ಲ. ಅಮೆರಿಕದಲ್ಲಿ 1953ರಲ್ಲಿ ಕ್ಯಾಲಿಫೋರ್ನಿಯಾ ಈ ವೃತ್ತಿಯನ್ನು ಕಾನೂನಿನಡಿ ತಂದಿತು. ಈಗ ಅಲ್ಲಿನ 50 ರಾಜ್ಯಗಳಲ್ಲೂ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯುವ ವ್ಯವಸ್ಥೆಯಿದೆ.

ಇಲ್ಲಿ ಪರಿಶೀಲನೆಯ ಭಾರ ಕೆಲಸ ಕೊಡುವವರ ಮೇಲೆಯೇ ಬೀಳುತ್ತದೆ. ಈ ವೃತ್ತಿಗೆ ಬರುವ ಅನೇಕರು ಬಿ.ಆರ್ಕ್. ಮುಗಿಸಿ, ಲ್ಯಾಂಡ್‌ಸ್ಕೇಪ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಅಂಥವರಿಗೆ ಕೌನ್ಸಿಲ್‌ನ ನೋಂದಣಿ ಸಂಖ್ಯೆಯೂ ಇದ್ದರೆ, ಅದನ್ನು ಕೇಳಿ ಕೌನ್ಸಿಲ್‌ನ ದಾಖಲೆಯಲ್ಲಿ ತಾಳೆ ನೋಡಬಹುದು. ಅವರು ಹಿಂದೆ ಮಾಡಿದ ಜಾಗವನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಗಿ ನೋಡುವುದೂ ಅಷ್ಟೇ ಮುಖ್ಯ.