ಕಪ್ಪು ಪರದೆಯಲ್ಲಿ ಕಡತ ಕಳಿಸಿದರೆ ಅದು ಹ್ಯಾಕಿಂಗಾ?

ಕಪ್ಪು ಪರದೆ, ಅದರ ಮೇಲೆ ಸರಸರನೆ ಓಡುವ ಅಕ್ಷರಗಳು, ಮರುಕ್ಷಣವೇ ಯಾರದೋ ಕಂಪ್ಯೂಟರಿನ ಮಾಹಿತಿಯೆಲ್ಲ ಕಳವು! ಸಿನಿಮಾದಲ್ಲಿ ಇದನ್ನು ನೋಡಿ ನೋಡಿ, ಕಮ್ಯಾಂಡ್ ಲೈನ್ ಎಂದರೆ ಹ್ಯಾಕರ್‌ಗಳ ಸಾಧನ ಎಂದುಕೊಂಡುಬಿಟ್ಟಿದ್ದೇವೆ. ನಿಜಕ್ಕೂ, ಕಡತಗಳನ್ನು ಕಳ್ಳಗಣ್ಣಿನಿಂದ ಕಾಪಾಡುವ ಒಳ್ಳೆಯ ದಾರಿಯೊಂದು ಅಲ್ಲೇ ಇದೆ.

ಹಿಂದೆ ಯುನಿಕ್ಸ್ ಕಂಪ್ಯೂಟರುಗಳ ನಡುವೆ ಕಡತ ನಕಲಿಸಲು 'ಆರ್‌ಸಿಪಿ' ಎಂಬ ಆದೇಶ ಬಳಸುತ್ತಿದ್ದರು. ಅದು ಮಾಹಿತಿಯನ್ನು ಅಂಚೆ ಕಾರ್ಡಿನಂತೆ ತೆರೆದೇ ಕಳಿಸುತ್ತಿತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆಯಿತು. ಆಗ ಅಲ್ಲಿನ ತಾತು ಯ್ಲೋನೆನ್ 'ಎಸ್‌ಎಸ್‌ಎಚ್' ವ್ಯವಸ್ಥೆಯನ್ನು ರೂಪಿಸಿದರು. ಅದನ್ನೇ ಬಳಸಿ ಕಡತ ನಕಲಿಸುವ ಆದೇಶ 'ಎಸ್‌ಸಿಪಿ'. ಇದರಲ್ಲಿ ಪಾಸ್‌ವರ್ಡ್, ಕಡತ ಎರಡೂ ಗೂಢಲಿಪಿಯಲ್ಲೇ ಸಾಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಂತೆ ಗುಣಮಟ್ಟವೂ ಕುಗ್ಗುವುದಿಲ್ಲ.

ಬಳಸುವುದು ಹೇಗೆ? ಆದೇಶದ ಹೆಸರು, ಕಳಿಸಬೇಕಾದ ಕಡತ, ಆಮೇಲೆ ತಲುಪಬೇಕಾದ ಜಾಗ - ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದರಾಯಿತು. ಆ ಕಡೆಯ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಸೇವೆ ಚಾಲೂ ಇರಬೇಕು, ನಮಗೆ ಅಲ್ಲಿ ಖಾತೆಯೂ ಇರಬೇಕು. ವಿಳಾಸದ ಕೊನೆಗೆ ಕೋಲನ್ ಚಿಹ್ನೆ (:) ಮರೆತರೆ ಕಡತ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಕಂಪ್ಯೂಟರಿನಲ್ಲೇ ಇನ್ನೊಂದು ನಕಲಾಗಿ ಕೂತಿರುತ್ತದೆ!

ಹಾಗಾದರೆ ಅಪಾಯ ಇಲ್ಲವೇ? ಒಂದು ಕಡೆ ಇದೆ. ಹೊಸ ಕಂಪ್ಯೂಟರಿಗೆ ಮೊದಲ ಸಲ ಸಂಪರ್ಕಿಸುವಾಗ ಪರದೆಯ ಮೇಲೆ ಅಕ್ಷರ-ಅಂಕಿಗಳ ಉದ್ದನೆಯ ಸಾಲೊಂದು ಮೂಡಿ, ಮುಂದುವರಿಯಬೇಕೇ ಎಂಬ ಪ್ರಶ್ನೆ ಬರುತ್ತದೆ. ಆ ಸಾಲು ಎದುರಿನ ಕಂಪ್ಯೂಟರಿನ 'ಬೆರಳಚ್ಚು'. ನಡುವೆ ಯಾರಾದರೂ ನಕಲಿ ಕಂಪ್ಯೂಟರ್ ಇಟ್ಟಿದ್ದರೆ ಅದರ ಬೆರಳಚ್ಚು ಬೇರೆಯೇ ಇರುತ್ತದೆ. ಓದದೆ 'ಯೆಸ್' ಎಂದು ಬರೆದು ಪಾಸ್‌ವರ್ಡ್ ಕೊಟ್ಟರೆ, ಅದನ್ನು ಕಳ್ಳನ ಕೈಗೇ ಕೊಟ್ಟಂತೆ. ಗೂಢಲಿಪಿ ಆಗ ನಮ್ಮನ್ನು ಕಾಯುವುದಿಲ್ಲ.

ಆದ್ದರಿಂದ ಆ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಬೆರಳಚ್ಚನ್ನು ತಾಳೆ ನೋಡಿಯೇ ಮುಂದುವರಿಯಬೇಕು. ಮುಂದೊಂದು ದಿನ 'ಬೆರಳಚ್ಚು ಬದಲಾಗಿದೆ' ಎಂಬ ಎಚ್ಚರಿಕೆ ಬಂದರೂ ಅಷ್ಟೇ. ಅಲ್ಲಿ ಆಪರೇಟಿಂಗ್ ಸಿಸ್ಟಂ ಮರುಸ್ಥಾಪಿಸಿದ್ದರೂ ಹಾಗಾಗಬಹುದು, ಮೋಸವೂ ಇರಬಹುದು. ಕೇಳಿ ತಿಳಿಯುವವರೆಗೆ ಪಾಸ್‌ವರ್ಡ್ ಕೊಡುವುದು ಬೇಡ.

ಫಾರ್ವರ್ಡ್ ಸಂದೇಶಕ್ಕೆ ಹೇಳುವ ಮಾತೇ ಇಲ್ಲಿಗೂ ಸಲ್ಲುತ್ತದೆ: ಮೊದಲು ಓದೋಣ, ಖಚಿತಪಡಿಸಿಕೊಳ್ಳೋಣ, ಆಮೇಲೆ ಕಳಿಸೋಣ.