ಹಳೆಯ ಬೀಡಿನಲ್ಲಿ ಒಂದು ನಡಿಗೆ

ಹಳೇಬೀಡನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಳೇಬೀಡಿನಲ್ಲಿ ನಡೆದವರು ಕಡಮೆ. ಬೇಲೂರನ್ನು ಮುಗಿಸಿಕೊಂಡು ಹದಿನಾರು ಕಿಲೋಮೀಟರು ಬಂದವರಾಗಲಿ, ಅರಸೀಕೆರೆಯಲ್ಲಿ ರೈಲಿಳಿದು ಬಾಣಾವರ, ಜಾವಗಲ್ಲುಗಳ ದಾರಿ ಹಿಡಿದು ಬಂದವರಾಗಲಿ, ಹೊಯ್ಸಳೇಶ್ವರನ ಗುಡಿಯ ಮುಂದೆ ಚಪ್ಪಲಿ ಬಿಡುತ್ತಾರೆ, ಒಂದು ಸುತ್ತು ಬರುತ್ತಾರೆ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಅವರು ಕಂಡದ್ದು ಒಂದು ದೇವಾಲಯವನ್ನು. ಆ ದೇವಾಲಯ ಯಾವ ಊರಿನದೋ ಆ ಊರು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಊರಿನ ಹೆಸರೇ ಈ ಕಥೆಯನ್ನು ಹೇಳುತ್ತದೆ. ‘ಬೀಡು’ ಎಂದರೆ ಅರಸನು ತಂಗುವ ಎಡೆ. ಅದು ಸ್ಥಿರವಾದಾಗ ‘ನೆಲೆವೀಡು’, ಅಂದರೆ ರಾಜಧಾನಿ. ದೋರಸಮುದ್ರವೆಂಬ ನೆಲೆವೀಡು ಪಾಳುಬಿದ್ದ ಮೇಲೆ ಜನ ಅದನ್ನು ಹಳೆಯ ಬೀಡು ಎಂದರು. ಹೊಯ್ಸಳರು ಹೋದರು, ಅರಮನೆ ಹೋಯಿತು. ಹೋದದ್ದರ ನೆನಪು ಮಾತ್ರ ಹೆಸರಾಗಿ ಉಳಿಯಿತು.

ಯೂರೋಪಿನ ಹಳೆಯ ನಗರಗಳಲ್ಲಿ ನಡೆಯುವವನಿಗೆ ಈ ಕಷ್ಟವಿಲ್ಲ. ಸ್ಪೇನಿನ ಟೊಲೆಡೊ ನಗರವನ್ನು ನೆನೆಯಬಹುದು. ಅಲ್ಲಿ ಕ್ರೈಸ್ತರ ಚರ್ಚು, ಮುಸ್ಲಿಮರ ಹಳೆಯ ಮಸೀದಿ, ಯಹೂದಿಗಳ ಪ್ರಾರ್ಥನಾಮಂದಿರ ಮೂರೂ ಒಂದೇ ಊರಿನೊಳಗಿವೆ. ಅವುಗಳ ನಡುವೆ ಇಕ್ಕಟ್ಟಾದ ಓಣಿಗಳು, ಆ ಓಣಿಗಳಲ್ಲಿ ಇಂದಿಗೂ ಜನ ಬಾಳುವ ಇಟ್ಟಿಗೆಯ, ಕಲ್ಲಿನ ಮನೆಗಳು. ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಊರೇ ಕೈಹಿಡಿದು ನಡೆಸುತ್ತದೆ. ನಮ್ಮಲ್ಲಿ ಹಾಗಲ್ಲ. ನಮ್ಮವರು ಕಲ್ಲನ್ನು ದೇವರಿಗೆ ಮೀಸಲಿಟ್ಟು, ತಾವು ಮಣ್ಣು ಮರಗಳ ಮನೆಗಳಲ್ಲಿ ಬಾಳಿದರು. ಮಣ್ಣು ಮಣ್ಣಿಗೆ ಸೇರಿತು, ಕಲ್ಲು ನಿಂತಿತು. ಆದ್ದರಿಂದ ಹಳೇಬೀಡಿನಲ್ಲಿ ನಡೆಯುವುದೆಂದರೆ ನಿಂತಿರುವ ನಾಲ್ಕಾರು ಗುಡಿಗಳ ನಡುವಿನ ಬರಿಯ ನೆಲವನ್ನು ಓದಲು ಕಲಿಯುವುದು.

ಈ ಓದನ್ನು ಕೆರೆಯಿಂದ ಪ್ರಾರಂಭಿಸುವುದು ಸರಿ. ಊರಿಗೆ ‘ಸಮುದ್ರ’ವೆಂಬ ಹೆಸರನ್ನಿತ್ತದ್ದು ಈ ಕೆರೆಯೇ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ಎಡೆಯಲ್ಲಿ ನೀರನ್ನು ಕಟ್ಟಿ ನಿಲ್ಲಿಸದೆ ರಾಜಧಾನಿಯೊಂದು ಬೆಳೆಯುವುದು ಸಾಧ್ಯವಿರಲಿಲ್ಲ. ಗದ್ದೆಗೆ, ಆನೆ ಕುದುರೆಗಳಿಗೆ, ದೇವರ ಅಭಿಷೇಕಕ್ಕೆ, ಬಾಯಾರಿದ ದಾರಿಹೋಕನಿಗೆ ಬೇಕಾದದ್ದು ನೀರೇ. ಏರಿಯ ಮೇಲೆ ನಿಂತವನಿಗೆ ದೇವಾಲಯಕ್ಕಿಂತ ಮೊದಲು ಕಾಣುವುದು ಊರಿನ ಹೊಟ್ಟೆಪಾಡು.

ಕೆರೆಯ ಮಗ್ಗುಲಲ್ಲೇ ಹೊಯ್ಸಳೇಶ್ವರ. ೧೧೨೧ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು ಇದನ್ನು ಕಟ್ಟಿಸಿದನು. ಒಂದೇ ಜಗಲಿಯ ಮೇಲೆ ಎರಡು ಗರ್ಭಗುಡಿಗಳು: ಒಂದು ಅರಸನ ಹೆಸರಿನ ಹೊಯ್ಸಳೇಶ್ವರ, ಇನ್ನೊಂದು ರಾಣಿಯ ಹೆಸರಿನ ಶಾಂತಲೇಶ್ವರ. ಶಿಲ್ಪದ ವರ್ಣನೆಗೆ ನಾನು ಕೈಹಾಕುವುದಿಲ್ಲ. ಅದನ್ನು ಮಾಡಿದವರು ಅನೇಕರು. ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆಯ ಸವಾರರು, ಅವಕ್ಕೂ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಆ ಸವಾರರ ಉಡುಪು, ಮದ್ದಳೆಯವರ ಕೈ, ಕುಣಿಯುವವರ ಆಭರಣ, ರಥದ ಗಾಲಿ ಇವನ್ನು ಬಳಪದ ಕಲ್ಲಿನಲ್ಲಿ ಕಡೆದವನು ಸ್ವರ್ಗದಲ್ಲಿ ನೋಡಿ ಬಂದಿರಲಿಲ್ಲ. ಹೊರಗಿನ ಬೀದಿಯಲ್ಲಿ ನೋಡಿದ್ದನು. ಅಳಿದ ದೋರಸಮುದ್ರದ ಬೀದಿ ಉಳಿದಿದ್ದರೆ ಈ ಗೋಡೆಯ ಮೇಲೆ ಉಳಿದಿದೆ.

ಗುಡಿಯ ಆವರಣದಲ್ಲಿ ತೆಂಕಣ ಕಡೆಗೆ ಒಂದು ಕಂಬ ನಿಂತಿದೆ. ಬಹುಮಂದಿ ಇದನ್ನು ದಾಟಿ ಹೋಗುತ್ತಾರೆ. ಇಮ್ಮಡಿ ಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನ ಗರುಡಗಂಬವಿದು. ಅರಸನು ೧೨೨೦ರಲ್ಲಿ ತೀರಿಕೊಂಡಾಗ, ಬದುಕಿದರೂ ಸತ್ತರೂ ಒಡೆಯನೊಡನೆಯೇ ಎಂದು ಮಾತುಕೊಟ್ಟಿದ್ದ ಲಕ್ಷ್ಮನು ಮಡದಿಯೊಡನೆ, ಸಂಗಡಿಗರೊಡನೆ ಪ್ರಾಣ ಬಿಟ್ಟನು. ತಮ್ಮ ತಲೆಯನ್ನು ತಾವೇ ಕತ್ತಿಯಿಂದ ಅರಿದುಕೊಳ್ಳುವ ವೀರರು ಕಂಬದ ಮೇಲೆ ಇದ್ದಾರೆ. ಮದನಿಕೆಯರ ಚೆಲುವನ್ನು ಬೇಲೂರಿನಲ್ಲಿ ಕಂಡು ಬಂದವರು ಈ ಕಂಬದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಹೊಯ್ಸಳರ ಕಾಲವೆಂದರೆ ಬರಿಯ ನೃತ್ಯವಲ್ಲ. ಋಣವೂ ಅದರಲ್ಲಿತ್ತು, ರಕ್ತವೂ ಇತ್ತು.

ಅಲ್ಲಿಂದ ದಕ್ಷಿಣಕ್ಕೆ ಕೆಲವು ನಿಮಿಷ ನಡೆದರೆ ಬಸ್ತಿಹಳ್ಳಿಯ ಜೈನ ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಇವುಗಳ ಹೊರಗೋಡೆ ಸಾದಾ. ಹೊಯ್ಸಳೇಶ್ವರನ ಸಂದಣಿಯಿಂದ ಬಂದ ಕಣ್ಣಿಗೆ ಅದು ವಿಶ್ರಾಂತಿ. ಒಳಗೆ ಹೋದರೆ ಕನ್ನಡಿಯಂತೆ ಹೊಳೆಯುವ ಕಂಬಗಳು. ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದನು. ಇದರ ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದಾಗ ಅವನಿಗೆ ಯುದ್ಧದಲ್ಲಿ ಜಯವೂ ಮಗನ ಜನನವೂ ಒಟ್ಟಿಗೆ ಒದಗಿದ್ದವು. ಅರಸನು ದೇವರನ್ನು ವಿಜಯಪಾರ್ಶ್ವನೆಂದೂ ಮಗನನ್ನು ವಿಜಯನರಸಿಂಹನೆಂದೂ ಕರೆದನೆಂದು ಶಾಸನ ಹೇಳುತ್ತದೆ. ಬೇಲೂರಿನಲ್ಲಿ ೧೧೧೭ರಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದ ಅರಸ, ಜಿನಭಕ್ತೆಯಾದ ರಾಣಿ, ಶಿವನಿಗೆ ಗುಡಿಯೆತ್ತಿದ ಅಧಿಕಾರಿ, ತಂದೆಯ ಹೆಸರಿನಲ್ಲಿ ಬಸದಿ ಕಟ್ಟಿಸಿದ ದಂಡನಾಯಕನ ಮಗ, ಇವರೆಲ್ಲ ಒಂದೇ ಆಸ್ಥಾನದವರು. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ. ಆ ಗುಡಿಗಳ ನಡುವಿನ ದೂರವನ್ನು ಕಾಲಿನಿಂದ ಅಳೆಯುವುದು ಬೇರೆ.

ಸಾಹಿತ್ಯಪ್ರಿಯರಿಗೆ ಇಲ್ಲಿ ಇನ್ನೊಂದು ನಂಟುಂಟು. ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದು, ಇಮ್ಮಡಿ ಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನನು ಈ ವಿಜಯಪಾರ್ಶ್ವನ ಬಸದಿಗೆ ದ್ವಾರವನ್ನು ಮಾಡಿಸಿದನೆಂದು ನಮ್ಮ ಸಾಹಿತ್ಯಚರಿತ್ರೆ ಹೇಳುತ್ತದೆ. ಹಿಂಸೆಯ ಸಂಕಲ್ಪ ಮಾತ್ರವೇ ಮನುಷ್ಯನನ್ನು ಜನ್ಮಜನ್ಮಾಂತರಕ್ಕೆ ಎಳೆಯುತ್ತದೆಂದು ಬರೆದ ಕವಿ ನಡೆದಾಡಿದ ನೆಲ ಇದು.

ಮುಂದೆ ಕೇದಾರೇಶ್ವರ. ಇಮ್ಮಡಿ ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದ, ೧೨೧೯ರ ಹೊತ್ತಿಗಾಗಲೇ ಸಿದ್ಧವಾಗಿದ್ದ ಚೆಲುವಾದ ಗುಡಿ. ಇದರ ಶಿಖರವನ್ನು ಕೆಡವಿದ್ದು ಯಾವ ದಂಡೂ ಅಲ್ಲ. ಸಂದುಗಳಲ್ಲಿ ಬೇರುಬಿಟ್ಟ ಮರವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲುಗಳನ್ನು ಸಡಿಲಿಸಿತು. ೧೩೧೧ರಲ್ಲಿ ಮಲಿಕ್ ಕಾಫರನ ದಂಡು ಬಂದುದನ್ನೂ, ೧೩೨೭ರ ಸುಮಾರಿಗೆ ತುಘಲಕನ ಸೈನ್ಯ ಬಂದುದನ್ನೂ ನಾವು ಮರೆಯುವಂತಿಲ್ಲ. ಆದರೆ ದಂಡು ಬಂದು ಹೋಗುವುದು ಕೆಲವು ದಿನದ ಮಾತು. ಗಿಡವಾಗಿದ್ದಾಗ ಕೀಳದೆ ಬಿಟ್ಟದ್ದು ಮರವಾಗುವುದಕ್ಕೆ ಹಲವು ತಲೆಮಾರುಗಳ ಅಲಕ್ಷ್ಯ ಬೇಕು.

ಕಾಲಲ್ಲಿ ಬಲವಿದ್ದವರು ಇನ್ನೂ ದಕ್ಷಿಣಕ್ಕೆ ಹುಲಿಕೆರೆಯವರೆಗೆ ಹೋಗಬೇಕು. ಅಲ್ಲಿ ಮೆಟ್ಟಿಲುಗಳ ಕೊಳವೊಂದಿದೆ. ಮೆಟ್ಟಿಲುಗಳ ನಡುನಡುವೆ ಪುಟ್ಟ ಪುಟ್ಟ ಗುಡಿಗಳು. ಕೆರೆಯಿಂದ ಹೊರಟ ನಡಿಗೆ ಹೀಗೆ ಮತ್ತೆ ನೀರಿಗೇ ಬಂದು ಮುಟ್ಟುತ್ತದೆ. ಊರ ಸುತ್ತ ದೊಡ್ಡ ಕಲ್ಲುಗಳ ಕೋಟೆಯ ಅವಶೇಷಗಳಿವೆ. ನಗರೇಶ್ವರವೆಂಬ ಎಡೆಯಲ್ಲಿ ಅಗೆದಾಗ ದೇವಾಲಯಗಳ ತಳಪಾಯ ಕಂಡಿದೆ. ಶಾಸನಗಳಲ್ಲಿ ‘ನಗರ’ವೆಂದರೆ ವರ್ತಕರ ಸಂಘವೆಂಬುದನ್ನು ನೆನೆದರೆ ಆ ಹೆಸರಿನಲ್ಲೇ ಒಂದು ಪೇಟೆಯ ಗದ್ದಲ ಕೇಳಿಸೀತು.

೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅದು ಸಂತೋಷದ ವಿಷಯ. ಆದರೆ ಟೊಲೆಡೊ ೧೯೮೬ರಲ್ಲಿ ಆ ಪಟ್ಟಿಗೆ ಸೇರಿದಾಗ ಸೇರಿದ್ದು ಒಂದು ನಗರ. ಹಳೇಬೀಡಿನಿಂದ ಸೇರಿರುವುದು ಹೊಯ್ಸಳೇಶ್ವರ ದೇವಾಲಯವೊಂದೇ. ಗುಡಿಯ ಬೇಲಿಯೊಳಗಿನ ಕಲ್ಲನ್ನು ಕಾಯುವುದು ಕಾನೂನಿಗೆ ಸಾಧ್ಯ. ಗುಡಿಗುಡಿಗಳ ನಡುವಿನ ನೆಲವೂ ದೋರಸಮುದ್ರವೇ, ಅಲ್ಲಿ ರಸ್ತೆಗೋ ಮನೆಗೋ ಮಣ್ಣು ತೋಡುವಾಗ ಒಮ್ಮೆ ನೋಡಿ ತೋಡಬೇಕು ಎಂಬ ಅರಿವು ಮಾತ್ರ ಜನರ ಮನಸ್ಸಿನಲ್ಲಿ ಹುಟ್ಟಬೇಕು. ಆ ಅರಿವು ಬಸ್ಸಿನ ಕಿಟಕಿಯಿಂದ ಬರುವುದಿಲ್ಲ. ಬೆಳಗಿನ ತಂಪಿನಲ್ಲಿ ಕೆರೆಯ ಏರಿಯಿಂದ ಹುಲಿಕೆರೆಯ ಮೆಟ್ಟಿಲವರೆಗೆ ಒಂದು ಸಲ ನಡೆದವನಿಗೆ ಅದು ತಾನಾಗಿ ಬರುತ್ತದೆ.